ಕೇಬಲ್ ಸ್ವೆಟರ್‌ಗೆ ಯಾವ ಮೆಷಿನ್? ಕೊಳ್ಳುವ ಮುಂಚೆ ತಿರುವು ಎಣಿಸಿ

ದೀಪಾವಳಿ ಮುಗಿದು ಬೆಳಗಿನ ಗಾಳಿ ತಣ್ಣಗಾಗುತ್ತಿದ್ದಂತೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ಕೇಬಲ್ ಡಿಸೈನ್, ಅಂದರೆ ಜಡೆ ಹಾಕಿದಂತೆ ಕಾಣುವ ಸ್ವೆಟರ್ ಹೆಣೆಯೋಕೆ ಯಾವ ನಿಟಿಂಗ್ ಮೆಷಿನ್ ತಗೊಳ್ಳಲಿ? ಧಾರವಾಡದಲ್ಲಿ ರಿಟೈರ್ ಆದ ಟೀಚರ್ ಒಬ್ಬರಿಗೆ ಮೊಮ್ಮಕ್ಕಳಿಗೆ ಹೆಣೆಯುವ ಆಸೆ. ಬೆಟಗೇರಿಯಲ್ಲಿ ಟೇಲರಿಂಗ್ ಮಾಡುವ ಅಕ್ಕ ಒಬ್ಬರು ಆರ್ಡರ್ ಹಿಡಿಯುವ ಯೋಚನೆಯಲ್ಲಿದ್ದಾರೆ. ರಾಣೆಬೆನ್ನೂರಿನ ಕಾಲೇಜು ಹುಡುಗಿ ಒಬ್ಬಳು ಮೊಬೈಲಿನಲ್ಲಿ ನೋಡಿದ ದುಂಡನೆಯ ಪ್ಲಾಸ್ಟಿಕ್ ಮೆಷಿನ್ ಸಾಕಾಗುತ್ತಾ ಅಂತ ಕೇಳುತ್ತಾಳೆ. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಆದರೆ ಒಂದು ಮಾತು ಮೂವರಿಗೂ ಹೊಂದುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವ ಯಾವ ಮೆಷಿನ್ನೂ ತಾನಾಗಿ ಕೇಬಲ್ ಹಾಕುವುದಿಲ್ಲ. ಸೂಜಿಗಳ ಮೇಲೆ ಅತ್ತಿತ್ತ ಓಡುವ ಕ್ಯಾರೇಜ್ ಎಳೆದರೆ ಅದು ಒಂದು ಸಾಲು ಹೆಣೆಯುತ್ತದೆ, ಅಷ್ಟೇ. ಜಡೆ ತಿರುಗಿಸೋದು ನಿಮ್ಮ ಕೈ. ಕುಣಿಕೆಗಳನ್ನು ತಾವೇ ದಾಟಿಸುವ ಕಂಪ್ಯೂಟರ್ ಮೆಷಿನ್‌ಗಳು ಇವೆ, ಜಪಾನಿನ ಶಿಮಾ ಸೈಕಿ, ಜರ್ಮನಿಯ ಸ್ಟೋಲ್ ಕಂಪನಿಗಳವು. ಅವು ಕಾರ್ಖಾನೆಗೆ ಸರಿ, ನಮ್ಮ ಪಡಸಾಲೆಗಲ್ಲ. ಹಾಗಾಗಿ ಅಂಗಡಿಯವರು ಪಂಚ್ ಕಾರ್ಡ್ ಇದೆ, ಎಲೆಕ್ಟ್ರಾನಿಕ್ ಇದೆ ಅಂತ ಆಸೆ ಹುಟ್ಟಿಸಿದರೆ ಸುಮ್ನೆ ತಲೆ ಆಡಿಸಿ. ಅದು ಎರಡು ಬಣ್ಣದ ಡಿಸೈನ್‌ಗೆ, ಲೇಸ್‌ಗೆ ಉಪಯೋಗ. ಕೇಬಲ್‌ಗೆ ಅದರಿಂದ ಏನೂ ಲಾಭ ಇಲ್ಲ.

ಮೆಷಿನ್ ಮೇಲೆ ಜಡೆ ಹಾಕೋದು ಹೀಗೆ. ಜಡೆಯಲ್ಲಿ 6 ಕುಣಿಕೆ ಇವೆ ಅಂದುಕೊಳ್ಳಿ. ಮೂರು ಕಣ್ಣಿನ ಎರಡು ಟ್ರಾನ್ಸ್‌ಫರ್ ಟೂಲ್ ಬೇಕು. ಎಡಗಡೆಯ ಮೂರು ಕುಣಿಕೆ ಒಂದು ಟೂಲಿಗೆ, ಬಲಗಡೆಯ ಮೂರು ಇನ್ನೊಂದಕ್ಕೆ ತೆಗೆದುಕೊಳ್ಳುತ್ತೀರಿ. ಜಾಗ ಅದಲು ಬದಲು ಮಾಡಿ ಸೂಜಿಗಳ ಮೇಲೆ ವಾಪಸ್ ಕೂರಿಸುತ್ತೀರಿ. ಆಮೇಲೆ ಆರು ಅಥವಾ ಎಂಟು ಸಾಲು ಸುಮ್ಮನೆ ಹೆಣೆದು ಮತ್ತೆ ಅದೇ ಕೆಲಸ. ಇದನ್ನು ಒಂದು ತಿರುವು ಅನ್ನೋಣ. ಮೆಷಿನ್ ಮೇಲೆ ಬಟ್ಟೆಯ ಉಲ್ಟಾ ಬದಿ ನಿಮ್ಮ ಕಡೆ ಇರುತ್ತದೆ. ಅದಕ್ಕೇ ಮೊದಲು ವಾಪಸ್ ಹಾಕಿದ ಮೂರು ಕುಣಿಕೆ ಸೀದಾ ಬದಿಯಲ್ಲಿ ಮೇಲೆ ಕಾಣುತ್ತವೆ. ಜಡೆ ಒಂದೇ ಕಡೆ ಸುತ್ತಬೇಕಾದರೆ ಪ್ರತಿ ಸಲ ಅದೇ ಬದಿಯ ಟೂಲ್ ಮೊದಲು ಹಾಕಬೇಕು.

ಇಡೀ ಸ್ವೆಟರಿನ ಶ್ರಮ ಇರೋದು ಈ ತಿರುವುಗಳಲ್ಲಿ. ಮೆಷಿನ್ ಆರಿಸುವಾಗ ನೋಡಬೇಕಾದ ಮೊದಲ ಅಂಶವೂ ಅದೇ.

ಏನನ್ನು ನೋಡಿ ಆರಿಸಬೇಕು

ಮೊದಲು ಗೇಜ್. ಅಂದರೆ ಒಂದು ಸೂಜಿಯಿಂದ ಪಕ್ಕದ ಸೂಜಿಗೆ ಇರುವ ಅಂತರ. ಮನೆ ಮೆಷಿನ್‌ಗಳಲ್ಲಿ ಮುಖ್ಯವಾಗಿ ಮೂರು ಸಿಗುತ್ತವೆ. ಸ್ಟ್ಯಾಂಡರ್ಡ್ 4.5 ಮಿ.ಮೀ., 200 ಸೂಜಿ. ಮಿಡ್ ಗೇಜ್ 6.5 ಮಿ.ಮೀ., 150 ಸೂಜಿ. ಬಲ್ಕಿ 9 ಮಿ.ಮೀ., ಸುಮಾರು 110 ಸೂಜಿ. ಗುಣಿಸಿ ನೋಡಿದರೆ ಮೂರರಲ್ಲೂ ಸೂಜಿ ಕೂರುವ ಪಟ್ಟಿ, ಅಂದರೆ ಬೆಡ್‌ನ ಉದ್ದ ಹೆಚ್ಚು ಕಮ್ಮಿ ಒಂದು ಮೀಟರ್. ಟೇಬಲ್ ಮೇಲೆ ಹಿಡಿಯುವ ಜಾಗ ಒಂದೇ. ಕೆಲಸ ಮಾತ್ರ ಬೇರೆ ಬೇರೆ.

ಒಂದು ಲೆಕ್ಕ ಹಾಕೋಣ. ಸ್ವೆಟರಿನ ಮುಂಭಾಗ 60 ಸೆಂ.ಮೀ. ಉದ್ದ. ಸ್ಟ್ಯಾಂಡರ್ಡ್ ಮೆಷಿನ್‌ನಲ್ಲಿ ತೆಳು ದಾರಕ್ಕೆ 10 ಸೆಂ.ಮೀ.ಗೆ 40 ಸಾಲು ಹಿಡಿದರೆ ಒಟ್ಟು 240 ಸಾಲು. ಎಂಟು ಸಾಲಿಗೊಮ್ಮೆ ತಿರುಗಿಸಿದರೆ ಒಂದು ಜಡೆಗೆ 30 ತಿರುವು. ಆದರೆ ಆ ದಾರದಲ್ಲಿ 6 ಕುಣಿಕೆಯ ಜಡೆ ಎರಡೇ ಸೆಂ.ಮೀ. ಅಗಲ ಇರುತ್ತದೆ. ಎದೆ ತುಂಬಿ ಕಾಣಬೇಕು ಅಂದರೆ ಐದು ಜಡೆಯಾದರೂ ಬೇಕು. ಅಲ್ಲಿಗೆ 150 ತಿರುವು. ಮಿಡ್ ಗೇಜ್‌ನಲ್ಲಿ 10 ಸೆಂ.ಮೀ.ಗೆ 28 ಸಾಲು ಅಂದರೆ 168 ಸಾಲು, ಜಡೆಗೆ 21 ತಿರುವು, ಮೂರು ಜಡೆ ಸಾಕು, ಒಟ್ಟು 63. ಬಲ್ಕಿಯಲ್ಲಿ 120 ಸಾಲು. ಆರು ಸಾಲಿಗೊಮ್ಮೆ ತಿರುಗಿಸಿದರೂ ಜಡೆಗೆ 20, ಎರಡು ದಪ್ಪ ಜಡೆಗೆ 40. ಇದು ಅಂದಾಜು, ನಿಮ್ಮ ದಾರ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆದರೆ 150 ಎಲ್ಲಿ, 40 ಎಲ್ಲಿ? ಬೆನ್ನು, ತೋಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಎರಡನೆಯದು ಉಲ್ಟಾ ಕಂಬಗಳು. ಜಡೆ ಎದ್ದು ಕಾಣೋದು ಅದರ ಎರಡೂ ಪಕ್ಕದಲ್ಲಿ ಒಂದೋ ಎರಡೋ ಉಲ್ಟಾ ಕುಣಿಕೆಯ ಸಾಲು ನೆಟ್ಟಗೆ ಇದ್ದಾಗ. ಅದಿಲ್ಲದಿದ್ದರೆ ಜಡೆ ಬಟ್ಟೆಯಲ್ಲೇ ಹೂತುಹೋದಂತೆ ಕಾಣುತ್ತದೆ. ಒಂದೇ ಬೆಡ್ ಇರುವ ಮೆಷಿನ್‌ನಲ್ಲಿ ಎಲ್ಲ ಕುಣಿಕೆಯೂ ಒಂದೇ ಥರ ಬರುತ್ತದೆ. ಉಲ್ಟಾ ಬೇಕಾದ ಕಡೆ ಕುಣಿಕೆ ಬಿಟ್ಟು, ಕೆಳಗಿನವರೆಗೆ ಬಿಚ್ಚಿಸಿ, ತೆರೆದು ಮುಚ್ಚುವ ಕೊಕ್ಕೆ ಇರುವ ಲ್ಯಾಚ್ ಟೂಲ್‌ನಿಂದ ಒಂದೊಂದೇ ಮೆಟ್ಟಿಲು ಎತ್ತಿಕೊಂಡು ಬರಬೇಕು. ಕೆಲಸ ಕಷ್ಟದ್ದಲ್ಲ, ಬೇಜಾರಿನದ್ದು. ರಿಬ್ಬರ್ ಅಂದರೆ ಎರಡನೇ ಬೆಡ್ ಇದ್ದರೆ ಆ ಕುಣಿಕೆಗಳನ್ನು ಅದರ ಸೂಜಿಗೆ ದಾಟಿಸಿಟ್ಟರೆ ಸಾಕು, ಉಲ್ಟಾ ತಾನಾಗಿ ಬರುತ್ತದೆ.

ರಿಬ್ಬರ್ ಇದ್ದರೆ ಎಲ್ಲ ಸಲೀಸು ಅಂತ ತಿಳಿಯಬೇಡಿ ಮತ್ತೆ. ಎರಡು ಬೆಡ್ ನಡುವಿನ ಸಂದಿಯಲ್ಲಿ ಬಟ್ಟೆ ಕೆಳಗಿಳಿಯುತ್ತದೆ. ಜಡೆ ಹೇಗೆ ಬರುತ್ತಿದೆ ಅಂತ ನೋಡೋಕೆ ಆಗಲ್ಲ. ತಪ್ಪು ತಿರುವು ಹಾಕಿದ್ದು ಎಷ್ಟೋ ಸಾಲು ಮುಂದೆ ಹೋದ ಮೇಲೆ ಗೊತ್ತಾಗುತ್ತದೆ. ಒಂದೇ ಬೆಡ್‌ನಲ್ಲಿ ಬಟ್ಟೆ ಎದುರಿಗೇ ತೂಗುತ್ತಿರುತ್ತದೆ, ಬಗ್ಗಿ ಹಿಂದೆ ಇಣುಕಿದರೆ ಮುಗೀತು. ಎರಡು ಮೂರು ಜಡೆಯ ಸ್ವೆಟರ್‌ಗೆ ನಾನಂತೂ ಒಂದೇ ಬೆಡ್, ಲ್ಯಾಚ್ ಟೂಲ್ ಸಾಕು ಅನ್ನುತ್ತೇನೆ. ರಿಬ್ಬರ್‌ನ ಬೆಲೆ ತೆರೋದು ತೋಳಿನ ತುದಿ, ಸೊಂಟದ ಪಟ್ಟಿಯ ರಿಬ್‌ಗಾಗಿ. ಕೇಬಲ್‌ಗಾಗಿ ಅಲ್ಲ.

ಮೂರನೆಯದು ಹವಾಮಾನ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ದಪ್ಪ ಕೇಬಲ್ ಸ್ವೆಟರ್‌ಗೆ ಹೆಸರು ತಂದುಕೊಟ್ಟದ್ದು ಐರ್ಲೆಂಡಿನ ಪಶ್ಚಿಮಕ್ಕಿರುವ ಅರಾನ್ ದ್ವೀಪಗಳು. ಅಲ್ಲಿ ಅಟ್ಲಾಂಟಿಕ್ ಸಮುದ್ರದ ಗಾಳಿ. ಧಾರವಾಡದಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣತೆ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಹತ್ತು ಗಂಟೆ ಹೊತ್ತಿಗೆ ಬಿಸಿಲು ಏರಿ ಸ್ವೆಟರ್ ಸೊಂಟಕ್ಕೆ ಬರುತ್ತದೆ. ಗದಗ, ಹಾವೇರಿಯಲ್ಲೂ ಹಗಲಿಗೆ ಅದೇ ಕಥೆ. ಕೇಬಲ್ ಅಂದರೆ ಬಟ್ಟೆಯ ಮೇಲೆ ಬಟ್ಟೆ ಹಾಯುವುದು. ಹಾಗಾಗಿ ಸಾದಾ ಸ್ವೆಟರ್‌ಗಿಂತ ಅದು ಬೆಚ್ಚಗೂ ಇರುತ್ತದೆ, ತೂಕವೂ ಜಾಸ್ತಿ. ತಿರುವು ಕಡಿಮೆ ಅಂತ ಬಲ್ಕಿಯಲ್ಲಿ ಹೆಣೆದರೆ ಇಲ್ಲಿ ಹಾಕಿಕೊಳ್ಳೋಕೆ ಜನ ಇಲ್ಲ. ಹಾಕಿಕೊಳ್ಳುವಂಥದ್ದನ್ನು ತೆಳ್ಳಗೆ ಹೆಣೆದರೆ ತಿರುವು ಮುಗಿಯೋದಿಲ್ಲ. ಗೋಜಲೆಲ್ಲ ಇಲ್ಲೇ ಇದೆ.

ದಾರದ ಮಾತೂ ಇಲ್ಲೇ ಮುಗಿಸಿಬಿಡೋಣ. ಅಂಗಡಿಯಲ್ಲಿ ಪ್ಲೈ ಹೇಳುತ್ತಾರೆ. ಪ್ಲೈ ಅಂದರೆ ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆ ಅಂತ. ದಾರ ಎಷ್ಟು ದಪ್ಪ ಅಂತ ಅಲ್ಲ. ಒಂದು ಕಂಪನಿಯ 4 ಪ್ಲೈ ಇನ್ನೊಂದರ 3 ಪ್ಲೈಗಿಂತ ತೆಳ್ಳಗೆ ಇರಬಹುದು. ಮೆಷಿನ್‌ಗೆ ಬೇಕಾದದ್ದು ಒಂದೇ ಸಮನಾದ, ಸ್ವಲ್ಪ ಹಿಗ್ಗುವ ದಾರ. ಉಣ್ಣೆ ಅಥವಾ ಉಣ್ಣೆ-ಅಕ್ರಿಲಿಕ್ ಮಿಶ್ರಣ ಬೇಷ್. ಬರೀ ಅಕ್ರಿಲಿಕ್ ಅಗ್ಗ, ಮಕ್ಕಳ ಬಟ್ಟೆ ದಿನಾ ಒಗೆಯೋಕೆ ಅನುಕೂಲ. ಆದರೆ ಅದರ ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ಜಡೆ ಚಪ್ಪಟೆ ಆಗಿ ಮತ್ತೆ ಏಳೋದಿಲ್ಲ. ಹತ್ತಿ ದಾರ ಹಿಗ್ಗೋದಿಲ್ಲ. ಮೂರರ ಮೇಲೆ ಮೂರು ದಾಟಿಸುವಾಗ ಸೂಜಿ ಬಾಗುವಷ್ಟು ಬಿಗಿ ಆಗುತ್ತದೆ. ಇನ್ನು ನಮ್ಮ ಕಡೆ ಕಂಬಳಿಗೆ ನೂಲುವ ಡೆಕ್ಕನಿ ಕುರಿಯ ಉಣ್ಣೆ ತರಬಹುದಾ ಅಂತ ಹಾವೇರಿ ಕಡೆಯವರು ಕೇಳುತ್ತಾರೆ. ಅದು ಒರಟು, ಒಂದು ಕಡೆ ದಪ್ಪ ಒಂದು ಕಡೆ ತೆಳು, ಕೂದಲು ಹೊರಗೆ ಚಾಚಿರುತ್ತದೆ. ಲ್ಯಾಚ್‌ಗೆ ಸಿಕ್ಕಿ ಕ್ಯಾರೇಜ್ ನಿಲ್ಲುತ್ತದೆ. ಕೈ ಕಡ್ಡಿಯಲ್ಲಿ ಬೇಕಾದರೆ ಹೆಣೆಯಿರಿ.

ಬೆಲೆಗೆ ಅಂಕಿ ಹೇಳುವುದಿಲ್ಲ. ಜಪಾನ್, ಚೀನಾದಿಂದ ಬರುವ ಮೆಷಿನ್‌ಗಳ ಬೆಲೆ ಡಾಲರ್ ಜೊತೆ ಕುಣಿಯುತ್ತದೆ, ಅದರ ಮೇಲೆ ಕಸ್ಟಮ್ಸ್, ಸಾಗಾಣಿಕೆ. ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟು ಅಂತ ಕೇಳಿಯೇ ಮಾತಾಡಿ. ಕೆಳಗೆ ಬೆಲೆಯ ಹಂತ ಮಾತ್ರ ಹೇಳುತ್ತೇನೆ.

ಸ್ಟ್ಯಾಂಡರ್ಡ್ 4.5

ಸಿಲ್ವರ್ ರೀಡ್‌ನ ಎಸ್‌ಕೆ 280, ಹಳೆಯ ಬ್ರದರ್ ಮೆಷಿನ್‌ಗಳು, ಚೀನಾದ ಟೈಟೆಕ್ಸ್‌ಮಾ ಎಲ್ಲ ಈ ಗುಂಪು. ಹೊಸದಕ್ಕೆ, ಅದರಲ್ಲೂ ರಿಬ್ಬರ್ ಜೊತೆ, ಮೇಲಿನ ಹಂತದ ಬೆಲೆ. ತೆಳುವಾದ, ಅಂಗಡಿಯಲ್ಲಿ ಕೊಂಡಂತೆ ಕಾಣುವ ಬಟ್ಟೆ ಬರುತ್ತದೆ. ನಮ್ಮ ಚಳಿಗೆ ಹೇಳಿ ಮಾಡಿಸಿದ ದಪ್ಪ.

ಕೇಬಲ್‌ಗೆ ಮಾತ್ರ ಇದು ತುಸು ಹಟಮಾರಿ. ಸೂಜಿ ಹತ್ತಿರ ಹತ್ತಿರ ಇರೋದರಿಂದ ಎರಡರ ಮೇಲೆ ಎರಡು ಸರಾಗ, ಮೂರರ ಮೇಲೆ ಮೂರು ಬಿಗಿ. ಬಿಗಿ ತಪ್ಪಿಸುವ ಉಪಾಯಗಳಿವೆ. ಜಡೆಯ ಎರಡೂ ಪಕ್ಕ ಒಂದೊಂದು ಸೂಜಿ ಖಾಲಿ ಬಿಡಿ. ಅಲ್ಲಿ ಏಣಿಯಂತೆ ದಾರ ಅಡ್ಡ ಬೀಳುತ್ತದೆ, ತಿರುಗಿಸುವಾಗ ಅದರಿಂದ ಸಡಿಲ ಸಿಗುತ್ತದೆ. ಕೊನೆಗೆ ಆ ಏಣಿಯನ್ನೇ ಲ್ಯಾಚ್ ಟೂಲ್‌ನಿಂದ ಎತ್ತಿದರೆ ಉಲ್ಟಾ ಕಂಬವೂ ಆಯಿತು. ಅಥವಾ ತಿರುಗಿಸುವ ಹಿಂದಿನ ಸಾಲಿನಲ್ಲಿ ಜಡೆಯ ಸೂಜಿಗಳನ್ನಷ್ಟೇ ಕೈಯಿಂದ ಹೆಣೆದು ಉದ್ದ ಕುಣಿಕೆ ಬಿಡಿ.

ಅಗಲದ ತೊಂದರೆಯೂ ಇದೆ. 40 ಸೈಜ್ ಎದೆಗೆ ಸಡಿಲ ಸೇರಿಸಿ ಒಂದು ಭಾಗ 55 ಸೆಂ.ಮೀ. ಹಿಡಿಯಿರಿ. 10 ಸೆಂ.ಮೀ.ಗೆ 30 ಕುಣಿಕೆಯಂತೆ 165. ಜಡೆ ಬಟ್ಟೆಯನ್ನು ಒಳಗೆ ಎಳೆಯುತ್ತದೆ, ಅದಕ್ಕೆ ಜಡೆಗೆ ಎರಡು ಮೂರು ಕುಣಿಕೆ ಹೆಚ್ಚು ಹಾಕಬೇಕು. ಐದು ಜಡೆಗೆ 180ರ ಹತ್ತಿರ ಆಯಿತು. 200 ಸೂಜಿಯಲ್ಲಿ ಹಿಡಿಯುತ್ತದೆ. ಅದೇ 48 ಸೈಜ್‌ನವರಿಗೆ 66 ಸೆಂ.ಮೀ. ಅಂದರೆ 198 ಕುಣಿಕೆ, ಜಡೆಯದ್ದು ಬೇರೆ. ಹಿಡಿಯೋದಿಲ್ಲ. ನಡುವೆ ಹೊಲಿಗೆ ಹಾಕಿ ಜೋಡಿಸಬೇಕು. ಮಿಡ್ ಗೇಜ್‌ನಲ್ಲಿ ಅದೇ 66 ಸೆಂ.ಮೀ. 140 ಸೂಜಿ ಆಸುಪಾಸಿನಲ್ಲಿ ಮುಗಿಯುತ್ತದೆ. ಬಲ್ಕಿಯಲ್ಲಿ 105, ಅಂಚಿಗೆ ಬಂದು ನಿಲ್ಲುತ್ತದೆ.

ಇದು ಯಾರಿಗೆ? ಎದೆ ತುಂಬ ಜಡೆ ಬೇಡ, ಕಾರ್ಡಿಗನ್‌ನ ಗುಂಡಿಪಟ್ಟಿ ಪಕ್ಕ ಒಂದೊಂದೇ ಸಣ್ಣ ಜಡೆ ಸಾಕು ಅನ್ನುವವರಿಗೆ. ಜೊತೆಗೆ ಶಾಲು, ಕುಲಾವಿ, ಬಣ್ಣದ ಡಿಸೈನ್ ಎಲ್ಲ ಮಾಡುವ ಆಸೆ ಇದ್ದವರಿಗೆ. ಕೇಬಲ್ ಸ್ವೆಟರ್ ಒಂದೇ ಗುರಿ ಆಗಿದ್ದರೆ ಇದಕ್ಕೆ ದುಡ್ಡು ಹಾಕಬೇಡಿ.

ಮಿಡ್ ಗೇಜ್ 6.5

ಸಿಲ್ವರ್ ರೀಡ್‌ನ ಎಲ್‌ಕೆ 150 ಇದರಲ್ಲಿ ಹೆಚ್ಚು ಕೇಳಿಬರುವ ಹೆಸರು. ಪ್ಲಾಸ್ಟಿಕ್ ಬೆಡ್, 150 ಸೂಜಿ, ಕಾರ್ಡು ಇಲ್ಲ, ಕರೆಂಟು ಬೇಡ. ನೋಡೋಕೆ ಆಟಿಕೆಯಂತೆ ಇದೆ ಅಂತ ಜನ ಮೂಗು ಮುರಿಯುತ್ತಾರೆ. ಕೇಬಲ್‌ಗೆ ಇದರಷ್ಟು ಹೊಂದುವ ಮೆಷಿನ್ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಅಂದರೆ, ಸೂಜಿಗಳ ನಡುವೆ ಜಾಗ ಇದೆ. ಮೂರರ ಮೇಲೆ ಮೂರು ಕೈಗೆ ನೋವಿಲ್ಲದೆ ದಾಟುತ್ತದೆ. ಅಂಗಡಿಯಲ್ಲಿ ಕೈ ಹೆಣಿಗೆಗೆ ಅಂತ ಮಾರುವ ಮಧ್ಯಮ ದಪ್ಪದ ದಾರ ಇದರಲ್ಲಿ ಸೀದಾ ಓಡುತ್ತದೆ. ಕೋನ್‌ನಲ್ಲಿ ಬರುವ ತೆಳು ದಾರ ಹುಡುಕಿ ತರಿಸುವ ಕೆಲಸ ತಪ್ಪುತ್ತದೆ. ತೆಳ್ಳಗಿನ ದಾರ ಹಾಕಿ ಸ್ವಲ್ಪ ಸಡಿಲ ಹೆಣೆದರೆ ಬರುವ ಸ್ವೆಟರ್ ಧಾರವಾಡದ ಬೆಳಗಿಗೂ ಸರಿ, ಬೆಂಗಳೂರಿನ ಆಫೀಸಿಗೂ ಸರಿ. ತಿರುವಿನ ಸಂಖ್ಯೆ ಮೊದಲ ಲೆಕ್ಕದಲ್ಲೇ ನೋಡಿದಿರಿ, ಅರ್ಧಕ್ಕೂ ಕಡಿಮೆ.

ಕೊರತೆ ಇಲ್ಲ ಅಂತಲ್ಲ. ಇದಕ್ಕೆ ಕಂಪನಿಯ ರಿಬ್ಬರ್ ಇಲ್ಲ. ಸೊಂಟಪಟ್ಟಿ, ತೋಳಿನ ತುದಿಯ ರಿಬ್ಬನ್ನು ಒಂದೋ ಲ್ಯಾಚ್ ಟೂಲ್‌ನಿಂದ ಎತ್ತಬೇಕು, ಇಲ್ಲವೇ ಕುಣಿಕೆಗಳನ್ನು ಕೈ ಕಡ್ಡಿಗೆ ತಗೊಂಡು ಹೆಣೆಯಬೇಕು. ಎರಡನೆಯದೇ ಚೆಂದ ಕಾಣುತ್ತದೆ, ಟಿ.ವಿ. ನೋಡುತ್ತ ಮುಗಿಸಬಹುದು. ಡಿಸೈನ್ ಎಲ್ಲ ಕೈಯಿಂದಲೇ ಎತ್ತಬೇಕು. ಕಸೂತಿ ಹಾಕಿ ಎಳೆ ಎಣಿಸಿ ರೂಢಿ ಇದ್ದವರಿಗೆ ಇದು ಕಷ್ಟವೇ ಅಲ್ಲ. ಇನ್ನು ಬೆಡ್ ಪ್ಲಾಸ್ಟಿಕ್ ಆದ್ದರಿಂದ ದಿನವಿಡೀ ಆರ್ಡರ್ ಕೆಲಸಕ್ಕೆ ಜೋರಾಗಿ ಎಳೆಯೋ ಮೆಷಿನ್ ಇದಲ್ಲ.

ಬೆಲೆ ನಡು ಹಂತ. ಮೊಮ್ಮಕ್ಕಳಿಗೆ ಹೆಣೆಯುವ ಟೀಚರ್‌ಗೆ ನನ್ನ ಉತ್ತರ ಇದು. ಹೊತ್ತು ಎತ್ತಿಡೋಕೆ ಹಗುರ, ಊಟದ ಟೇಬಲ್ಲಿಗೆ ಕ್ಲಾಂಪ್ ಹಾಕಿದರೆ ಆಯಿತು, ಸದ್ದು ಕಡಿಮೆ. ವಯಸ್ಸಾದವರಿಗೆ ದೊಡ್ಡ ಸೂಜಿ ಕಣ್ಣಿಗೂ ಸುಲಭ.

ಬಲ್ಕಿ 9

ಸಿಲ್ವರ್ ರೀಡ್ ಎಸ್‌ಕೆ 155, ಹಳೆ ಬ್ರದರ್‌ನ ಕೆಎಚ್ 260 ಈ ಜಾತಿ. ಕೈ ಹೆಣಿಗೆಯಂತೆ ಕಾಣುವ ಗಟ್ಟಿ, ಉಬ್ಬಿದ ಜಡೆ ಬೇಕು ಅಂದರೆ ಇದೇ. ನಾಲ್ಕರ ಮೇಲೆ ನಾಲ್ಕು ಕೂಡ ಧೈರ್ಯವಾಗಿ ದಾಟಿಸಬಹುದು. ಎಸ್‌ಕೆ 155ಕ್ಕೆ ರಿಬ್ಬರ್ ಸಹ ಉಂಟು.

ಆದರೆ ಸ್ವೆಟರ್ ದಪ್ಪ, ದಾರ ಜಾಸ್ತಿ ತಿನ್ನುತ್ತದೆ, ಬೆಲೆಯೂ ಮೇಲು. ದಿಲ್ಲಿಯಲ್ಲೋ ಕೆನಡಾದಲ್ಲೋ ಇರುವ ಮಗನಿಗೆ, ಸೊಸೆಗೆ ಕಳಿಸುವುದಿದ್ದರೆ, ಅಥವಾ ಅಂಥ ಊರಿನ ಗಿರಾಕಿ ಗಟ್ಟಿ ಇದ್ದರೆ ತಗೊಳ್ಳಿ. ಹುಬ್ಬಳ್ಳಿಯಲ್ಲೇ ಮಾರುತ್ತೇನೆ ಅಂದರೆ ಗಿರಾಕಿ ಮುಟ್ಟಿ ನೋಡಿ ಚಲೋ ಐತ್ರಿ ಅಂತ ಹೇಳಿ ಮುಂದೆ ಹೋಗುತ್ತಾರೆ.

ದುಂಡನೆಯ ಪ್ಲಾಸ್ಟಿಕ್ ಮೆಷಿನ್

ರಾಣೆಬೆನ್ನೂರಿನ ಹುಡುಗಿ ಕೇಳಿದ್ದು ಇದು. ಸೆಂಟ್ರೋ 48 ಸೂಜಿ, ಆಡಿ ಕಂಪನಿಯ ದೊಡ್ಡದು 46 ಸೂಜಿ. ಹಿಡಿಕೆ ತಿರುಗಿಸಿದರೆ ಕೊಳವೆಯಾಗಿ ಹೆಣೆಯುತ್ತದೆ. ಹಿಂದೆ ಮುಂದೆ ತಿರುಗಿಸಿದರೆ ಚಪ್ಪಟೆ ಪಟ್ಟಿ. ಮೆಷಿನ್‌ಗಳಲ್ಲಿ ಇದೇ ಅಗ್ಗ.

ಟೋಪಿ, ಮಫ್ಲರ್‌ಗೆ ಅಡ್ಡಿಯಿಲ್ಲ. ಇದರಲ್ಲಿ ಬಟ್ಟೆಯ ಸೀದಾ ಬದಿ ಹೊರಗೇ ಇರುವುದರಿಂದ ಜಡೆ ಕಣ್ಣೆದುರೇ ಕಾಣುತ್ತದೆ, ಅದೊಂದು ಅನುಕೂಲ. ಆದರೆ ಕುಣಿಕೆ ಸಣ್ಣ ದೊಡ್ಡ ಮಾಡುವ ಡಯಲ್ ಇಲ್ಲ. ಸೂಜಿಯನ್ನು ಮುಂದೆ ಎಳೆದುಕೊಂಡು ಕುಣಿಕೆ ಕೂರಿಸುವ ಹಾಗೂ ಇಲ್ಲ. ಎರಡರ ಮೇಲೆ ಎರಡು ಆಗುತ್ತದೆ, ಮೂರಕ್ಕೆ ಹೋದರೆ ಕುಣಿಕೆ ಜಾರುತ್ತವೆ. ಚಪ್ಪಟೆ ಪಟ್ಟಿಯ ಅಗಲ ದೊಡ್ಡವರ ಸ್ವೆಟರಿನ ಒಂದು ಭಾಗದ ಅರ್ಧದಷ್ಟು. ನಾಲ್ಕೈದು ಪಟ್ಟಿ ಜೋಡಿಸಿ ಹೊಲಿಯುವುದು ಆಗದ ಮಾತಲ್ಲ. ಆದರೆ ಅಷ್ಟು ಹೊಲಿಯುವ ತಾಳ್ಮೆ ಇದ್ದವರು ಕೈಯಿಂದಲೇ ಹೆಣೆಯಬಹುದಲ್ವಾ? ಮಗುವಿನ ಸ್ವೆಟರ್‌ವರೆಗೆ ಸರಿ. ಅದರ ಮೇಲೆ ಬೇಡ.

ಲುಧಿಯಾನದ ಎರಡು ಬೆಡ್ ಮೆಷಿನ್

ಬೆಟಗೇರಿಯ ಅಕ್ಕನಂಥವರು, ಅಂದರೆ ಇದರಲ್ಲೇ ನಾಲ್ಕು ಕಾಸು ದುಡಿಯಬೇಕು ಅನ್ನುವವರು, ಇದನ್ನು ನೋಡಬೇಕು. ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರುವ, ಎರಡು ಬೆಡ್ ಛಾವಣಿಯ ಆಕಾರದಲ್ಲಿ ಎದುರುಬದುರು ಇರುವ ಹ್ಯಾಂಡ್ ಫ್ಲಾಟ್ ಮೆಷಿನ್. ಅಮೆರಿಕದ ಐಸಾಕ್ ಲ್ಯಾಂಬ್ 1863ರಲ್ಲಿ ಪೇಟೆಂಟ್ ಪಡೆದ ಮೆಷಿನ್‌ನ ವಂಶವೇ ಇದು. ಇಲ್ಲಿ ಗೇಜ್ ಮಿ.ಮೀ.ನಲ್ಲಿ ಹೇಳುವುದಿಲ್ಲ, ಇಂಚಿಗೆ ಎಷ್ಟು ಸೂಜಿ ಅಂತ ಹೇಳುತ್ತಾರೆ. 5, 7, 10, 12 ಹೀಗೆ. ಅಂಕಿ ಹೆಚ್ಚಾದಷ್ಟೂ ಬಟ್ಟೆ ತೆಳು. ಮನೆ ಮೆಷಿನ್‌ನಲ್ಲಿ ಅಂಕಿ ಹೆಚ್ಚಾದರೆ ದಪ್ಪ. ಮಾತಾಡುವಾಗ ಗೊಂದಲ ಮಾಡಿಕೊಳ್ಳಬೇಡಿ. ಕೇಬಲ್‌ಗೆ 5, ಇಲ್ಲವೇ 7 ಗೇಜ್ ಕೇಳಿ.

ರಿಬ್ ತಾನಾಗಿ ಬರುತ್ತದೆ, ಜಡೆ ಪಕ್ಕದ ಉಲ್ಟಾ ಕಂಬ ಎದುರಿನ ಬೆಡ್ ಹೆಣೆಯುತ್ತದೆ. ದಿನವಿಡೀ ಎಳೆದರೂ ತಡೆಯುತ್ತದೆ. ತಿರುವು ಮಾತ್ರ ಇಲ್ಲೂ ಕೈಯದ್ದೇ. ಒಮ್ಮೆ ಇಟ್ಟ ಜಾಗದಿಂದ ಕದಲಿಸೋದು ಕಷ್ಟ, ಸದ್ದು ಇದೆ, ಕಲಿಯೋಕೆ ಒಂದಷ್ಟು ದಿನ ಯಾರ ಹತ್ತಿರವಾದರೂ ಕೂರಬೇಕು.

ದುಡಿಮೆಯ ಲೆಕ್ಕ ಬೇರೆ ಇದೆ. ಇಲ್ಲಿ ಕೈತುಂಬ ಸಿಗಬಹುದಾದ ಆರ್ಡರ್ ಅಂದರೆ ಶಾಲೆಯ ಯೂನಿಫಾರ್ಮ್ ಸ್ವೆಟರ್. ಅದರಲ್ಲಿ ಜಡೆ ಇರೋದಿಲ್ಲ, ಕುತ್ತಿಗೆಗೆ ಎರಡು ಬಣ್ಣದ ಗೆರೆ ಇದ್ದರೆ ಜಾಸ್ತಿ. ಸಾದಾ ಸ್ವೆಟರ್ ಮೆಷಿನ್ ಎಳೆದಷ್ಟೂ ಬರುತ್ತದೆ. ಕೇಬಲ್‌ನದ್ದು ನಿಮ್ಮ ಕೈ ಓಡಿದಷ್ಟೇ. ಲುಧಿಯಾನದಿಂದ ಕಂಪ್ಯೂಟರ್ ಮೆಷಿನ್‌ನ ಕೇಬಲ್ ಸ್ವೆಟರ್ ಲಾಟ್‌ಗಟ್ಟಲೆ ಬರುತ್ತದೆ, ಅದರ ಬೆಲೆಗೆ ನೀವು ಇಳಿಯಲಾರಿರಿ, ಇಳಿಯಲೂಬಾರದು. ಹಾಗಾಗಿ ಯೂನಿಫಾರ್ಮ್ ಹೊಟ್ಟೆಪಾಡಿಗೆ, ಅಳತೆ ಕೊಟ್ಟು ಮಾಡಿಸಿಕೊಳ್ಳುವವರಿಗೆ ಕೇಬಲ್, ಹೀಗೆ ಎರಡನ್ನೂ ಇಟ್ಟುಕೊಂಡರೆ 7 ಗೇಜ್ ಮೆಷಿನ್ ತೂಗುತ್ತದೆ. ಕೇಬಲ್ ಒಂದನ್ನೇ ನಂಬಿ ಬೇಡ. ದುಡ್ಡಿಗೆ ಸ್ವಂತ ಉದ್ಯೋಗ ಹಾಕುವವರಿಗೆ ಇರುವ ಕೇಂದ್ರ ಸರ್ಕಾರದ ಪಿ.ಎಂ.ಇ.ಜಿ.ಪಿ. ಯೋಜನೆ ನೋಡಿ. ಹೊಸ ಘಟಕ ಹಾಕುವ ಮಹಿಳೆಯರಿಗೆ ಹಳ್ಳಿಯಲ್ಲಿ 35%, ಪಟ್ಟಣದಲ್ಲಿ 25% ಸಬ್ಸಿಡಿ ಇದೆ, ಸ್ವಂತ ಪಾಲು 5%. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು.

ಮೆಷಿನ್ ಇಲ್ಲದೆ, ಅಥವಾ ಅರ್ಧ ಮೆಷಿನ್

ಒಂದೇ ಸ್ವೆಟರ್ ಸಾಕು ಅನ್ನುವವರು ಮೆಷಿನ್ ಕೊಳ್ಳಲೇಬೇಡಿ. ಎರಡು ಕಡ್ಡಿ, ಒಂದು ಕೇಬಲ್ ಸೂಜಿ, ಆಯಿತು. ಕೈ ಹೆಣಿಗೆಯಲ್ಲಿ ಉಲ್ಟಾ ಕಂಬಕ್ಕೆ ಬೇರೆ ಶ್ರಮವೇ ಇಲ್ಲ, ಹೆಣೆಯುತ್ತ ಹೋದರೆ ಬರುತ್ತದೆ. ಇಪ್ಪತ್ತು ಜಡೆಯ ಕಿಕ್ಕಿರಿದ ಡಿಸೈನ್ ಆದರೆ ಮನೆ ಮೆಷಿನ್‌ಗಿಂತ ಕಡ್ಡಿಯೇ ವಾಸಿ. ಸಾಲಿಗೊಮ್ಮೆ ನಿಲ್ಲಿಸಿ ತಿರುಗಿಸುವುದಾದರೆ ಮೆಷಿನ್‌ನ ವೇಗ ಯಾವ ಉಪಯೋಗಕ್ಕೆ ಬಂತು?

ನನಗೆ ಹೆಚ್ಚು ಇಷ್ಟದ ದಾರಿ ನಡುವಿನದು. ಬೆನ್ನು ಮತ್ತು ತೋಳು ಸಾದಾ, ಮೆಷಿನ್ ಮೇಲೆ. ಮುಂಭಾಗ ಮಾತ್ರ ಜಡೆ, ಬೇಕಾದರೆ ಕೈಯಲ್ಲಿ. ಬೆನ್ನ ಮೇಲಿನ ಜಡೆ ಕುರ್ಚಿಗೆ ಒರಗಿದರೆ ಒತ್ತುತ್ತದೆ, ಯಾರಿಗೂ ಕಾಣೋದೂ ಇಲ್ಲ. ಒಂದೇ ಎಚ್ಚರ, ಕೈಯ ಸಾಲಿನ ಎತ್ತರವೂ ಮೆಷಿನ್ ಸಾಲಿನ ಎತ್ತರವೂ ಬೇರೆ ಇರುತ್ತದೆ. ಸಾಲು ಎಣಿಸಿ ಹೊಂದಿಸಬೇಡಿ, ಟೇಪು ಹಿಡಿದು ಹೊಂದಿಸಿ.

ಇನ್ನೊಂದು ಸುಲಭದ ತೋರಿಕೆ ಇದೆ. ನಾಲ್ಕು ಸೂಜಿ ಖಾಲಿ ಬಿಟ್ಟು ಹೆಣೆಯಿರಿ. ಅಗಲದ ಏಣಿ ಬರುತ್ತದೆ. ಮುಗಿದ ಮೇಲೆ ಆ ಏಣಿಯ ಮೆಟ್ಟಿಲುಗಳನ್ನು ಕ್ರೋಶಾ ಕಡ್ಡಿಯಿಂದ ಗುಂಪು ಗುಂಪಾಗಿ ಒಂದರೊಳಗೊಂದು ಎತ್ತುತ್ತ ಬನ್ನಿ. ನಿಜವಾದ ಕೇಬಲ್ ಅಲ್ಲ, ನೋಡೋಕೆ ಜಡೆಯೇ. ತಿರುವು ಸೊನ್ನೆ. ಯಾವ ಮೆಷಿನ್‌ನಲ್ಲೂ ಆಗುತ್ತದೆ.

ಹಳೆ ಮೆಷಿನ್ ಸಿಕ್ಕರೆ

ರೈಲ್ವೆ, ಬ್ಯಾಂಕು, ಮಿಲಿಟರಿ ನೌಕರಿಯಲ್ಲಿ ಉತ್ತರದ ಕಡೆ ಸುತ್ತಿ ಬಂದವರ ಮನೆಯ ಅಟ್ಟದಲ್ಲಿ ಹಳೆ ಮೆಷಿನ್ ಇರೋದುಂಟು. ಬ್ರದರ್ ಕಂಪನಿ ಮನೆ ನಿಟಿಂಗ್ ಮೆಷಿನ್ ಮಾಡೋದನ್ನು ಬಿಟ್ಟು ಎಷ್ಟೋ ಕಾಲವಾಗಿದೆ, ಆದರೂ ಆ ಮೆಷಿನ್‌ಗಳು ಓಡುತ್ತಿವೆ. ಪಂಚ್ ಕಾರ್ಡ್ ಭಾಗ ಕೆಟ್ಟಿದೆ ಅಂತ ಅಗ್ಗಕ್ಕೆ ಕೊಟ್ಟರೆ ಖುಷಿಯಿಂದ ತಗೊಳ್ಳಿ. ಕೇಬಲ್‌ಗೆ ಅದು ಬೇಡವೇ ಬೇಡ.

ನೋಡಬೇಕಾದದ್ದು ಬೇರೆ. ಬೆಡ್ ಒಳಗೆ ಸೂಜಿಗಳನ್ನು ಒತ್ತಿ ಹಿಡಿಯುವ ಉದ್ದನೆಯ ಸ್ಪಂಜ್ ಬಾರ್ ಇರುತ್ತದೆ. ವರ್ಷಗಳಾದರೆ ಸ್ಪಂಜ್ ಕರಗಿ ಚಪ್ಪಟೆ ಆಗುತ್ತದೆ. ಸೂಜಿಯ ತುದಿ ಬೆರಳಿಂದ ಎತ್ತಿ ನೋಡಿ, ಸಡಿಲವಾಗಿ ಕುಣಿದರೆ ಬಾರ್ ಸತ್ತಿದೆ. ಬದಲಾಯಿಸದೆ ಕ್ಯಾರೇಜ್ ಓಡಿಸಿದರೆ ಸೂಜಿ ಮುರಿಯುತ್ತವೆ. ಆಮೇಲೆ ಪ್ರತಿ ಸೂಜಿಯ ಲ್ಯಾಚ್ ತೆರೆದು ಮುಚ್ಚಿ ನೋಡಿ. ಇಂಗ್ಲೆಂಡಿನ ಮ್ಯಾಥ್ಯೂ ಟೌನ್‌ಸೆಂಡ್ 1849ರಲ್ಲಿ ಪೇಟೆಂಟ್ ಪಡೆದ ಈ ಪುಟ್ಟ ಬಾಗಿಲಿನ ಮೇಲೇ ಇಡೀ ಮೆಷಿನ್ ನಿಂತಿದೆ. ಒಂದು ಲ್ಯಾಚ್ ಬಿಗಿದರೂ ಅಲ್ಲಿ ಕುಣಿಕೆ ಬೀಳುತ್ತದೆ.

ಕ್ಯಾರೇಜ್ ಬಿಗಿಯಾಗಿದ್ದರೆ ಸಾಮಾನ್ಯವಾಗಿ ಹಳೆ ಗ್ರೀಸ್ ಗಟ್ಟಿಯಾಗಿರುತ್ತದೆ, ಒರೆಸಿದರೆ ಸರಿಹೋಗುತ್ತದೆ. ಹೊಲಿಗೆ ಮೆಷಿನ್‌ನ ತೆಳು ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ ಮುಟ್ಟಬೇಡಿ. ಧಾರವಾಡದ ಚಳಿಗೆ ಅದು ಡಬ್ಬಿಯಲ್ಲೇ ಹೆಪ್ಪುಗಟ್ಟುತ್ತದೆ, ಕ್ಯಾರೇಜ್‌ನಲ್ಲಿ ಬಿಡುತ್ತದೆಯೇ? ಹುಬ್ಬಳ್ಳಿಯ ಧೂಳಿಗೆ, ಮಳೆಗಾಲದ ತೇವಕ್ಕೆ ದಪ್ಪ ಬಟ್ಟೆಯ ಹೊದಿಕೆ ಕಡ್ಡಾಯ. ಬ್ರದರ್‌ನ ಸೂಜಿ ಸಿಲ್ವರ್ ರೀಡ್‌ಗೆ ಹೊಂದೋದಿಲ್ಲ, ಸ್ಪಂಜ್ ಬಾರ್ ಮಾಡೆಲ್‌ಗೆ ತಕ್ಕಂತೆ ಬೇರೆ. ಮಾಡೆಲ್ ನಂಬರ್ ಬರೆದುಕೊಂಡು ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ನೋಡಿ, ಆಮೇಲೆ ದುಡ್ಡು ಕೊಡಿ. ದಾರ ಹಿಡಿಯುವ ಕಂಬಿ, ಕ್ಲಾಂಪ್, ತೂಕದ ಗುಂಡುಗಳು, ಟೂಲ್‌ಗಳು ಪೆಟ್ಟಿಗೆಯಲ್ಲಿ ಇವೆಯೇ ಎಣಿಸಿ. ಮೂರು ಕಣ್ಣಿನ ಟ್ರಾನ್ಸ್‌ಫರ್ ಟೂಲ್ ಎರಡು ಬೇಕು, ಒಂದಿದ್ದರೆ ಸಾಲದು.

ನೋಡೋಕೆ ಹೋಗುವಾಗ ನೀವು ಬಳಸಲಿರುವ ದಾರದ ಉಂಡೆಯನ್ನೇ ಕೊಂಡೊಯ್ಯಿರಿ. 40 ಕುಣಿಕೆ, 60 ಸಾಲಿನ ತುಂಡು ಹೆಣೆದು ತೋರಿಸಿ ಅನ್ನಿ. ನಡುವೆ ಮೂರರ ಮೇಲೆ ಮೂರು ತಿರುವನ್ನು ಎಂಟು ಸಾಲಿಗೊಮ್ಮೆ ನೀವೇ ಹಾಕಿ ನೋಡಿ. ತಿರುವಾದ ಮೇಲಿನ ಸಾಲಿನಲ್ಲಿ ಕ್ಯಾರೇಜ್ ತಡೆದರೆ ದಾರ ಆ ಮೆಷಿನ್‌ಗೆ ದಪ್ಪ ಆಯಿತು ಅಂತ ಅರ್ಥ. ತುಂಡನ್ನು ಮನೆಗೆ ತಂದು ಒಗೆದು, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಅಳತೆ ತಗೊಳ್ಳಿ. ಮೆಷಿನ್‌ನಿಂದ ಇಳಿಸಿದ ತಕ್ಷಣ ಬಟ್ಟೆ ಹಿಗ್ಗಿ ಉದ್ದವಾಗಿರುತ್ತದೆ, ಆಗಿನ ಅಳತೆ ನಂಬಿದರೆ ಸ್ವೆಟರ್ ಗಿಡ್ಡ ಆಗುತ್ತದೆ.